ಇಪ್ಪತ್ತೆರಡನೆಯ ಬಾಗಿಲು

1969ರ ಅಕ್ಟೋಬರ್ 29. ರಾತ್ರಿ ಹತ್ತೂವರೆಯ ಸಮಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಗಣಕಯಂತ್ರವೊಂದರ ಮುಂದೆ ಕುಳಿತು 'ಲಾಗಿನ್' ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಒತ್ತತೊಡಗಿದ. ಆ ಪದ ತಲುಪಬೇಕಾಗಿದ್ದುದು ಐದುನೂರು ಕಿಲೋಮೀಟರಿಗೂ ಆಚೆ, ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಇನ್ನೊಂದು ಯಂತ್ರಕ್ಕೆ. 'ಎಲ್' ಹೋಯಿತು, 'ಒ' ಹೋಯಿತು. 'ಜಿ' ಹೊರಡುವಷ್ಟರಲ್ಲಿ ಅತ್ತಲಿನ ಯಂತ್ರ ಕುಸಿಯಿತು. ಸುಮಾರು ಒಂದು ಗಂಟೆಯ ಬಳಿಕ ಮತ್ತೆ ಯತ್ನಿಸಿದಾಗ ಪದ ಪೂರ್ತಿ ದಾಟಿತು. ಇಂದಿನ ಅಂತರಜಾಲದ ಮೂಲವಾದ ಆರ್ಪಾನೆಟ್ ಜಾಲದ ಮೇಲೆ ಹರಿದ ಮೊದಲ ಸಂದೇಶ ಅದು.

ಆ ಮೊದಲ ಮಾತು ಕುಶಲಪ್ರಶ್ನೆಯಾಗಿರಲಿಲ್ಲ, ವಿಜ್ಞಾನದ ಘೋಷಣೆಯೂ ಆಗಿರಲಿಲ್ಲ. ಬೇರೆಯವರ ಗಣಕದ ಒಳಗೆ ಬರಲು ಅಪ್ಪಣೆ ಕೇಳಿ ಬಾಗಿಲು ತಟ್ಟಿದ ಸದ್ದಾಗಿತ್ತು. ದೂರದ ಯಂತ್ರವನ್ನು ಪಕ್ಕದಲ್ಲೇ ಕುಳಿತಂತೆ ನಡೆಸಬೇಕೆಂಬ ಆಸೆಯೇ ಜಾಲದ ಹುಟ್ಟಿಗೆ ಒಂದು ದೊಡ್ಡ ಕಾರಣ. ಆಗ ಗಣಕವೆಂದರೆ ಒಂದು ಕೋಣೆಯನ್ನೇ ತುಂಬುವ, ಲಕ್ಷಾಂತರ ಡಾಲರಿನ ಆಸ್ತಿ. ಎಲ್ಲರೂ ಕೊಳ್ಳಲಾರರು, ಇದ್ದವರದ್ದನ್ನು ಹಂಚಿಕೊಳ್ಳಬೇಕು. ಬಾಗಿಲು ತಟ್ಟುವಾಗ ದಾರಿಯಲ್ಲಿ ಯಾರಾದರೂ ಕಿವಿಗೊಟ್ಟು ನಿಂತಿರಬಹುದೇ ಎಂಬ ಪ್ರಶ್ನೆ ಮಾತ್ರ ಅಂದು ಯಾರನ್ನೂ ಕಾಡಲಿಲ್ಲ. ಜಾಲದಲ್ಲಿದ್ದವರು ಬೆರಳೆಣಿಕೆಯ ಸಂಸ್ಥೆಗಳವರು. ಬಹುಮಟ್ಟಿಗೆ ಒಬ್ಬರಿಗೊಬ್ಬರು ಪರಿಚಿತರು.

ಈ ಬಾಗಿಲು ತಟ್ಟುವ ಕ್ರಮಕ್ಕೆ 'ಟೆಲ್ನೆಟ್' ಎಂದು ಹೆಸರಾಯಿತು. ಹೆಸರು, ಗುಪ್ತಪದ, ಆಮೇಲೆ ಕೊಡುವ ಒಂದೊಂದು ಆಜ್ಞೆ - ಎಲ್ಲವೂ ಅದರಲ್ಲಿ ಇದ್ದದ್ದು ಇದ್ದ ಹಾಗೆ ತಂತಿಯ ಮೇಲೆ ಹೋಗುತ್ತಿದ್ದವು. ಲಕೋಟೆಯಿಲ್ಲದ ಅಂಚೆ ಕಾರ್ಡಿನಂತೆ. ಕಾರ್ಡನ್ನು ಅಂಚೆಯಣ್ಣ ಓದುವುದಿಲ್ಲ ಎಂಬ ನಂಬಿಕೆಯ ಮೇಲೆ ವ್ಯವಹಾರ ನಡೆಯುತ್ತಿತ್ತು. 1983ರಲ್ಲಿ ಬರ್ಕ್ಲಿಯ ಯುನಿಕ್ಸ್ ಆವೃತ್ತಿಯೊಂದಿಗೆ ಬಂದ 'ಆರ್‌ಲಾಗಿನ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಪರಿಚಿತ ಗಣಕದಿಂದ ಬಂದವನಾದರೆ ಗುಪ್ತಪದವನ್ನೂ ಕೇಳಬೇಕಾಗಿಲ್ಲ! 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ 'ಹುಳು' ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿದಾಗ ಅದು ಬಳಸಿಕೊಂಡ ದಾರಿಗಳಲ್ಲಿ ಈ ನೆರೆಹೊರೆಯ ವಿಶ್ವಾಸವೂ ಒಂದಾಗಿತ್ತು.

ಅಂಚೆ ಕಾರ್ಡನ್ನು ಓದುವುದು ಎಷ್ಟು ಸುಲಭವಿತ್ತು ಎಂಬುದನ್ನು ತಿಳಿಯಲು ಅಂದಿನ ಜಾಲದ ರಚನೆಯನ್ನು ನೋಡಬೇಕು. ಒಂದು ಕಟ್ಟಡದ ಗಣಕಗಳೆಲ್ಲ ಒಂದೇ ಕೇಬಲ್ಲಿಗೆ ಅಂಟಿಕೊಂಡಿರುತ್ತಿದ್ದವು. ಒಬ್ಬರು ಕಳುಹಿಸಿದ್ದು ಎಲ್ಲರಿಗೂ ಕೇಳಿಸುತ್ತಿತ್ತು. ತನಗೆ ಸಂಬಂಧಿಸಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು ಪ್ರತಿ ಯಂತ್ರದ ಸೌಜನ್ಯ. ಚಾವಡಿಯಲ್ಲಿ ಯಾರದೋ ಹೆಸರು ಹಿಡಿದು ಕೂಗಿದಾಗ ಉಳಿದವರು ಕೇಳಿಯೂ ಕೇಳದಂತೆ ಇರುತ್ತಾರಲ್ಲ, ಹಾಗೆ. ಆ ಸೌಜನ್ಯವನ್ನು ಬದಿಗಿಟ್ಟು ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಪುಟ್ಟ ತಂತ್ರಾಂಶವೊಂದನ್ನು ಯಾವುದೋ ಒಂದು ಯಂತ್ರದಲ್ಲಿ ಕೂರಿಸಿದರೆ ಸಾಕು, ಆ ಕಟ್ಟಡದ ಗುಪ್ತಪದಗಳೆಲ್ಲ ಕೈಗೆ ಬರುತ್ತಿದ್ದವು. 1994ರ ಫೆಬ್ರವರಿಯಲ್ಲಿ ಅಮೆರಿಕದ ಗಣಕ ತುರ್ತುಸೇವಾ ಕೇಂದ್ರವಾದ 'ಸರ್ಟ್' ಬಹಿರಂಗ ಎಚ್ಚರಿಕೆಯನ್ನೇ ಹೊರಡಿಸಿತು: ಹತ್ತಾರು ಸಾವಿರ ಗಣಕಗಳ ಪ್ರವೇಶ ವಿವರ ಕಳ್ಳರ ಪಾಲಾಗಿದೆ, ಗುಪ್ತಪದಗಳನ್ನು ಬದಲಿಸಿಕೊಳ್ಳಿ. ಬದಲಿಸಿದ ಗುಪ್ತಪದವೂ ಅದೇ ತಂತಿಯ ಮೇಲೆಯೇ ಹೋಗಬೇಕಾಗಿತ್ತು ಎಂಬುದು ಬೇರೆ ಮಾತು.

1995ರಲ್ಲಿ ಇಂಥದೇ ಕಳ್ಳತನ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಜಾಲದ ಒಂದು ಗಣಕದಲ್ಲಿ ಸಾವಿರಾರು ಹೆಸರು, ಗುಪ್ತಪದಗಳ ಪಟ್ಟಿ ಸಿಕ್ಕಿತು. ಅಲ್ಲಿನ ಸಂಶೋಧಕ ತಾತು ಉಲೋನೆನ್ ದೂರು ಬರೆದು ಕೂರಲಿಲ್ಲ. ಟೆಲ್ನೆಟ್ ಮತ್ತು ಆರ್‌ಲಾಗಿನ್‌ಗಳು ಮಾಡುವ ಕೆಲಸವನ್ನೇ, ಆದರೆ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಮಾಡುವ ತಂತ್ರಾಂಶವೊಂದನ್ನು ಕೆಲವೇ ತಿಂಗಳಲ್ಲಿ ಬರೆದ. ಅದಕ್ಕೆ 'ಸೆಕ್ಯೂರ್ ಶೆಲ್' ಎಂದು ಹೆಸರಿಟ್ಟ. ಶೆಲ್ ಎಂದರೆ ಇಲ್ಲಿ ಬಳಕೆದಾರನ ಆಜ್ಞೆಗಳನ್ನು ಕೇಳಿಸಿಕೊಂಡು ಯಂತ್ರಕ್ಕೆ ಒಪ್ಪಿಸುವ ದುಭಾಷಿ. ಮೂರಕ್ಷರದ 'ಎಸ್‌ಎಸ್‌ಎಚ್' ಎಂಬ ಹೆಸರೇ ಇಂದು ಎಲ್ಲರ ಬಾಯಲ್ಲಿದೆ.

ಇದು ಸಾಧ್ಯವಾದದ್ದು ಅದಕ್ಕೂ ಎರಡು ದಶಕ ಹಿಂದೆ ಕಂಡುಹಿಡಿದ ಗಣಿತದಿಂದ. ಗೂಢಲಿಪಿ ಹಳೆಯ ವಿದ್ಯೆ. ಆದರೆ ಅದರದೊಂದು ಹಳೆಯ ತೊಡಕೂ ಇತ್ತು. ಪೆಟ್ಟಿಗೆಗೆ ಬೀಗ ಹಾಕಿ ಕಳುಹಿಸಬಹುದು, ಬೀಗದ ಕೈಯನ್ನು ಕಳುಹಿಸುವುದು ಹೇಗೆ? ಕೈಯನ್ನು ಮುಂಚಿತವಾಗಿ ಮುಖಾಮುಖಿ ಕೊಟ್ಟಿರಬೇಕು. ಒಬ್ಬರನ್ನೊಬ್ಬರು ಎಂದೂ ನೋಡದ ಎರಡು ಯಂತ್ರಗಳಿಗೆ ಅದು ಆಗದ ಮಾತು. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಈ ಗಂಟನ್ನು ಬಿಡಿಸಿದರು.

ಅವರ ಉಪಾಯವನ್ನು ಸಣ್ಣ ಅಂಕಿಗಳಲ್ಲಿ ನೋಡಬಹುದು. ಸೀತೆ ಮತ್ತು ಗೀತೆ ಎಲ್ಲರ ಎದುರೇ ಎರಡು ಸಂಖ್ಯೆಗಳನ್ನು ಒಪ್ಪಿಕೊಳ್ಳುತ್ತಾರೆ: 3 ಮತ್ತು 17. ಸೀತೆ ಮನಸ್ಸಿನಲ್ಲೇ 6 ಎಂದುಕೊಂಡು, 3ನ್ನು ಆರು ಬಾರಿ ಗುಣಿಸುತ್ತಾಳೆ. ಬರುವುದು 729. ಅದನ್ನು 17ರಿಂದ ಭಾಗಿಸಿ ಉಳಿಯುವ ಶೇಷ 15ನ್ನು ಕೂಗಿ ಹೇಳುತ್ತಾಳೆ. ಗೀತೆ ಮನಸ್ಸಿನಲ್ಲಿ 7 ಎಂದುಕೊಂಡು ಹಾಗೆಯೇ ಲೆಕ್ಕ ಹಾಕಿದರೆ 2187, ಶೇಷ 11. ಅದನ್ನು ಆಕೆ ಕೂಗುತ್ತಾಳೆ. ಈಗ ಸೀತೆ ತನಗೆ ಕೇಳಿಸಿದ 11ನ್ನು ತನ್ನ ಗುಟ್ಟಾದ ಆರು ಬಾರಿ ಗುಣಿಸಿ 17ರಿಂದ ಭಾಗಿಸುತ್ತಾಳೆ, ಶೇಷ 8. ಗೀತೆ 15ನ್ನು ಏಳು ಬಾರಿ ಗುಣಿಸಿ ಭಾಗಿಸಿದರೂ ಶೇಷ ಅದೇ 8. ಆ ಎಂಟನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಇಬ್ಬರಲ್ಲೂ ಇದೆ. ಸುತ್ತ ನಿಂತವರು 3, 17, 15, 11 ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಇಷ್ಟು ಚಿಕ್ಕ ಅಂಕಿಗಳಾದರೆ ಶಾಲೆಯ ಹುಡುಗನೂ ಗುಟ್ಟನ್ನು ಹುಡುಕಿಬಿಡುತ್ತಾನೆ. ಆರುನೂರು ಅಂಕೆಗಳ ಉದ್ದದ ಸಂಖ್ಯೆಯಾದರೆ ಇಂದಿನ ಯಾವ ಗಣಕಕ್ಕೂ ಅದು ಬಗೆಹರಿಯದು.

ಮರುವರ್ಷವೇ ಎಂ.ಐ.ಟಿ.ಯ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇನ್ನೊಂದು ದಾರಿ ತೋರಿದರು: ಎರಡು ಕೈಗಳಿರುವ ಬೀಗ. ಒಂದು ಕೈಯಿಂದ ಹಾಕಿದ ಬೀಗ ಇನ್ನೊಂದರಿಂದ ಮಾತ್ರ ತೆರೆಯುತ್ತದೆ. ಒಂದನ್ನು ಊರಿಗೆಲ್ಲ ಹಂಚಬಹುದು, ಇನ್ನೊಂದು ತನ್ನ ಬಳಿಯೇ ಇರಬೇಕು. ಉಲೋನೆನ್‌ನ ಮೊದಲ ಆವೃತ್ತಿ ಈ ಮೂವರ ಬೀಗವನ್ನು ಬಳಸಿತು. ಎರಡನೆಯ ಆವೃತ್ತಿಯಲ್ಲಿ ಡಿಫಿ ಮತ್ತು ಹೆಲ್ಮನ್‌ರ ಉಪಾಯಕ್ಕೆ ಸ್ಥಾನ ಸಿಕ್ಕಿತು. ಈ ಐವರ ಹೆಸರು ಪಠ್ಯಪುಸ್ತಕಗಳಲ್ಲಿದೆ. ಆದರೆ ಬ್ರಿಟನ್ನಿನ ಗೂಢಚರ್ಯೆ ಇಲಾಖೆಯಲ್ಲಿ ಜೇಮ್ಸ್ ಎಲ್ಲಿಸ್ 1970ರಲ್ಲೇ ಇದು ಸಾಧ್ಯವೆಂದು ಬರೆದಿಟ್ಟಿದ್ದ. 1973ರಲ್ಲಿ ಕ್ಲಿಫರ್ಡ್ ಕಾಕ್ಸ್, 1974ರಲ್ಲಿ ಮಾಲ್ಕಮ್ ವಿಲಿಯಮ್ಸನ್ ಇವೇ ಎರಡು ವಿಧಾನಗಳನ್ನು ಕಂಡುಕೊಂಡಿದ್ದರು. ಸರ್ಕಾರಿ ರಹಸ್ಯವಾದ್ದರಿಂದ ಮೂವರೂ ಬಾಯಿ ಮುಚ್ಚಿಕೊಂಡಿದ್ದರು. ಸಂಗತಿ ಹೊರಬಿದ್ದದ್ದು 1997ರ ಡಿಸೆಂಬರಿನಲ್ಲಿ. ಎಲ್ಲಿಸ್ ಅದಕ್ಕೆ ಕೆಲವೇ ವಾರ ಮೊದಲು, ನವೆಂಬರ್ 25ರಂದು, ತೀರಿಕೊಂಡಿದ್ದ.

ಉಲೋನೆನ್ ಫಿನ್ಲೆಂಡಿನಲ್ಲಿ ಇದ್ದದ್ದು ಕೂಡ ಸಣ್ಣ ವಿಷಯವಲ್ಲ. ಬಲವಾದ ಗೂಢಲಿಪಿ ತಂತ್ರಾಂಶವನ್ನು ಅಮೆರಿಕ ಅಂದು ಯುದ್ಧಸಾಮಗ್ರಿಯ ಪಟ್ಟಿಯಲ್ಲಿ ಇಟ್ಟಿತ್ತು. ಪರವಾನಗಿಯಿಲ್ಲದೆ ದೇಶದಾಚೆ ಕಳುಹಿಸುವುದು ಫಿರಂಗಿಯನ್ನು ಕಳ್ಳಸಾಗಣೆ ಮಾಡಿದಷ್ಟೇ ಅಪರಾಧ. ಮಿಂಚಂಚೆಗೆ ಗೂಢಲಿಪಿಯ ಲಕೋಟೆ ಕೊಟ್ಟ ಫಿಲ್ ಜಿಮ್ಮರ್‌ಮನ್ ಈ ಕಾರಣಕ್ಕೇ 1993ರಿಂದ 1996ರ ವರೆಗೆ ತನಿಖೆ ಎದುರಿಸಬೇಕಾಯಿತು. ಹೆಲ್ಸಿಂಕಿಯಲ್ಲಿ ಆ ಕಾಟವಿರಲಿಲ್ಲ.

ಇಷ್ಟಾದರೂ ಹೊಸ ತಂತ್ರಾಂಶಕ್ಕೆ ಒಂದು ಬಾಗಿಲು ಬೇಕಾಗಿತ್ತು. ಜಾಲದ ಪ್ರತಿ ಗಣಕಕ್ಕೂ 65,535 ಬಾಗಿಲುಗಳಿರುತ್ತವೆ ಎಂದು ಭಾವಿಸಬಹುದು. 'ಪೋರ್ಟ್' ಎಂದು ಅವಕ್ಕೆ ಹೆಸರು. ಮಿಂಚಂಚೆ 25ನೆಯದರಿಂದ, ವೆಬ್ ಪುಟ 80ನೆಯದರಿಂದ ಒಳಬರುತ್ತವೆ. ಕಡತ ಸಾಗಿಸುವ ಎಫ್‌ಟಿಪಿ 21ನೆಯ ಬಾಗಿಲು, ಟೆಲ್ನೆಟ್ 23ನೆಯದು. ಯಾವ ಎರಡನ್ನು ಉಲೋನೆನ್ ಮನೆಗೆ ಕಳುಹಿಸಬೇಕೆಂದಿದ್ದನೋ ಅವುಗಳ ನಡುವಿನ 22 ಖಾಲಿ ಬಿದ್ದಿತ್ತು! ಈ ಸಂಖ್ಯೆಗಳನ್ನು ಹಂಚುತ್ತಿದ್ದ ಸಂಸ್ಥೆಗೆ ಆತ 1995ರ ಜುಲೈ 10ರಂದು ಒಂದು ಪತ್ರ ಬರೆದ. ಅಂತರಜಾಲದ ಹಿರಿಯರಾದ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ನಡೆಸುತ್ತಿದ್ದ ಕಚೇರಿ ಅದು; 1983ರಲ್ಲಿ ಟೆಲ್ನೆಟ್ಟಿನ ಅಧಿಕೃತ ನಿಯಮಾವಳಿಯನ್ನು ಬರೆದವರೂ ಇವರಿಬ್ಬರೇ. ಅಂಥವರ ಮುಂದೆ ಹೆಸರಿಲ್ಲದ ಹುಡುಗನೊಬ್ಬ ಟೆಲ್ನೆಟ್ಟಿಗೆ ಬದಲಿಯನ್ನು ಹಿಡಿದು ನಿಂತಿದ್ದ. ರೆನಾಲ್ಡ್ಸ್ ಮರುದಿನವೇ ಉತ್ತರಿಸಿದಳು: 22 ನಿನ್ನದು. ಅರ್ಜಿ ನಮೂನೆಯಿಲ್ಲ, ಶಿಫಾರಸು ಇಲ್ಲ, ಸಮಿತಿ ಸಭೆಯಿಲ್ಲ. ಇಂದಿಗೂ ಎಸ್‌ಎಸ್‌ಎಚ್‌ನ ಬಾಗಿಲು ಅದೇ.

ತಂತ್ರಾಂಶವನ್ನು ಉಲೋನೆನ್ ಪುಕ್ಕಟೆಯಾಗಿ ಬಿಟ್ಟ. ವರ್ಷ ಮುಗಿಯುವಷ್ಟರಲ್ಲಿ ಐವತ್ತು ದೇಶಗಳಲ್ಲಿ ಇಪ್ಪತ್ತು ಸಾವಿರ ಬಳಕೆದಾರರಿದ್ದರು. ಸಹಾಯ ಕೇಳುವ ಓಲೆಗಳು ದಿನಕ್ಕೆ ನೂರೈವತ್ತರಂತೆ ಬರತೊಡಗಿ, ಆತ ಡಿಸೆಂಬರಿನಲ್ಲಿ ಕಂಪನಿಯೊಂದನ್ನು ಕಟ್ಟಿದ. ಮುಂದೆ ಪರವಾನಗಿ ಬಿಗಿಯಾದಾಗ ಹಳೆಯ ಮುಕ್ತ ಆವೃತ್ತಿಯನ್ನು ಹಿಡಿದುಕೊಂಡು, ಕೆನಡಾದ ಕ್ಯಾಲ್ಗರಿಯಿಂದ ನಡೆಯುವ 'ಓಪನ್ ಬಿಎಸ್‌ಡಿ' ತಂಡ 1999ರ ಡಿಸೆಂಬರಿನಲ್ಲಿ 'ಓಪನ್ ಎಸ್‌ಎಸ್‌ಎಚ್' ಹೊರತಂದಿತು. ಜಗತ್ತು ಇಂದು ಬಹುಪಾಲು ಬಳಸುವುದು ಇದನ್ನೇ.

ಭಾರತದ ಜನಸಾಮಾನ್ಯರಿಗೆ ಅಂತರಜಾಲ ತೆರೆದದ್ದೂ ಅದೇ 1995ರಲ್ಲಿ, 22ನೆಯ ಬಾಗಿಲು ಸಿಕ್ಕಿದ ಒಂದು ತಿಂಗಳಿಗೆ. ವಿದೇಶ ಸಂಚಾರ ನಿಗಮದ ಸೇವೆ ಶುರುವಾದದ್ದು ಆ ಆಗಸ್ಟ್ 15ರಂದು. ಬೆಂಗಳೂರಿನ ನಂಟು ಅದಕ್ಕಿಂತ ಹಳೆಯದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ತನ್ನ ಕೇಂದ್ರ ತೆರೆದಾಗ ಉಪಗ್ರಹದ ಮೂಲಕ ಹೊರದೇಶದ ಗಣಕಗಳೊಡನೆ ಮಾತನಾಡುವ ಏರ್ಪಾಟಿತ್ತು. 1986ರಲ್ಲಿ ಆರಂಭವಾದ 'ಅರ್ನೆಟ್' ಜಾಲದ ಎಂಟು ಸಂಸ್ಥೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾಗರದಾಚೆಯ ಯಂತ್ರದೊಳಗೆ ಇಲ್ಲಿಂದಲೇ ಕುಳಿತು ಕೆಲಸ ಮಾಡುವುದು ಈ ಊರಿನ ಎಷ್ಟೋ ಮನೆಗಳ ಅನ್ನದ ದಾರಿಯಾಯಿತು. ಆ ದಾರಿಯಲ್ಲಿ ಬೀಗ ಇದೆಯೋ ಇಲ್ಲವೋ ಎಂಬುದು ಇಲ್ಲಿನವರಿಗೆ ಬರೀ ತತ್ತ್ವಜಿಜ್ಞಾಸೆಯಲ್ಲ.

ಇನ್ನು ಸುರಂಗದ ವಿಷಯ. ಉಲೋನೆನ್ ತನ್ನ ಮೊದಲ ಆವೃತ್ತಿಯಲ್ಲೇ ಒಂದು ಹೆಚ್ಚುವರಿ ಸೌಕರ್ಯ ಸೇರಿಸಿದ್ದ: ಭದ್ರವಾದ ದಾರಿಯೊಂದು ಸಿದ್ಧವಾದ ಮೇಲೆ ಅದರೊಳಗೆ ಬೇರೆ ವ್ಯವಹಾರಗಳನ್ನೂ ತೂರಿಸಬಹುದು. ದೊಡ್ಡ ಕೊಳವೆಯೊಳಗೆ ಸಣ್ಣ ಕೊಳವೆಗಳನ್ನು ಎಳೆದಂತೆ. ಹೊರಗಿನವರಿಗೆ ಕಾಣುವುದು ದೊಡ್ಡ ಕೊಳವೆ ಮಾತ್ರ.

ಇದರ ಪ್ರಯೋಜನ ವೆಬ್ ತಾಣ ಕಟ್ಟುವವರಿಗೆ ಚೆನ್ನಾಗಿ ಗೊತ್ತು. ತಾಣವೊಂದು ಲೋಕಕ್ಕೆ ತೆರೆಯುವ ಮೊದಲು, ಅದನ್ನು ಕಟ್ಟುವವನ ಸ್ವಂತ ಯಂತ್ರದಲ್ಲಿ ಅರೆಬರೆಯಾಗಿ ಓಡುತ್ತಿರುತ್ತದೆ. ಅಲ್ಲಿ ಅದರ ವಿಳಾಸ 127.0.0.1, ಯಾವ ಗಣಕವೇ ಆಗಲಿ ತನ್ನನ್ನು ತಾನು 'ನಾನು' ಎಂದು ಕರೆದುಕೊಳ್ಳುವ ಸಂಖ್ಯೆ ಅದು. ಪಕ್ಕದ ಯಂತ್ರದಲ್ಲಿ ಅದೇ ಸಂಖ್ಯೆ ಒತ್ತಿದರೆ ಪಕ್ಕದ ಯಂತ್ರವೇ ಓಗೊಡುತ್ತದೆ. ಪ್ರಪಂಚದ ಮೊದಲ ವೆಬ್ ತಾಣವೂ ಇಂಥ ಮೇಜಿನ ಮೇಲಿನ ಯಂತ್ರದಿಂದಲೇ ಹೊರಟಿತ್ತು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ತನ್ನ ಗಣಕದ ಮೇಲೆ, ಇದನ್ನು ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಿದ್ದ. ಯಾರಾದರೂ ಗುಂಡಿ ಒತ್ತಿದ್ದರೆ ಇಡೀ ವೆಬ್ ಆರಿಹೋಗುತ್ತಿತ್ತು.

ಅವನ ಕಾಲದಲ್ಲಿ ಪ್ರತಿ ಗಣಕಕ್ಕೂ ಲೋಕವೇ ಅರಿತ ವಿಳಾಸವಿರುತ್ತಿತ್ತು. ಇರುವ ವಿಳಾಸಗಳು ಸುಮಾರು 430 ಕೋಟಿ ಮಾತ್ರ, ಅವು ಮುಗಿದುಹೋಗುತ್ತವೆ ಎಂಬ ಚಿಂತೆ 1990ರ ದಶಕದ ಆರಂಭದಲ್ಲೇ ಹತ್ತಿತು. 1994ರಲ್ಲಿ ಒಂದು ಉಪಾಯ ಪ್ರಕಟವಾಯಿತು: ಇಡೀ ಮನೆಗೆ ಅಥವಾ ಕಚೇರಿಗೆ ಹೊರಗಿನ ಒಂದೇ ವಿಳಾಸ, ಒಳಗಿನವಕ್ಕೆ ಖಾಸಗಿ ಸಂಖ್ಯೆಗಳು. ಬಾಗಿಲಲ್ಲಿ ನಿಂತ ರೂಟರ್ ಒಳಗಿನಿಂದ ಹೊರಟವರನ್ನು ಬಿಡುತ್ತದೆ, ಅವರಿಗೆ ಬಂದ ಉತ್ತರವನ್ನು ನೆನಪಿಟ್ಟು ತಲುಪಿಸುತ್ತದೆ. ಕರೆಯದೆ ಬಂದವರನ್ನು ತಡೆಯುತ್ತದೆ. ವಿಳಾಸ ಉಳಿಸಲು ಮಾಡಿದ ವ್ಯವಸ್ಥೆ ತಂತಾನೇ ಕಾವಲೂ ಆಯಿತು. ಜೊತೆಗೆ, ಮನೆಯ ಯಂತ್ರವನ್ನು ಹೊರಗಿನಿಂದ ಮುಟ್ಟುವುದು ಅದರ ಒಡೆಯನಿಗೂ ಆಗದಂತಾಯಿತು.

ಇಲ್ಲಿ ಸುರಂಗ ಎರಡು ಬಗೆಯಲ್ಲಿ ಒದಗುತ್ತದೆ. ಕಚೇರಿಯ ಯಂತ್ರವೊಂದರಲ್ಲಿ 8000ನೆಯ ಬಾಗಿಲಲ್ಲಿ ತಾಣ ಓಡುತ್ತಿದೆ, ಆದರೆ ಅದು ತನ್ನೊಳಗಿನ ಕರೆಗೆ ಮಾತ್ರ ಓಗೊಡುತ್ತದೆ ಎನ್ನೋಣ. ಮನೆಯಲ್ಲಿ ಕುಳಿತವಳು 22ನೆಯ ಬಾಗಿಲಿನಿಂದ ಆ ಯಂತ್ರವನ್ನು ಸೇರಿ, ತನ್ನ ಗಣಕದ 8000ನೆಯ ಬಾಗಿಲನ್ನು ಅದರ 8000ಕ್ಕೆ ಸುರಂಗದ ಮೂಲಕ ಜೋಡಿಸುತ್ತಾಳೆ. ಆಮೇಲೆ ಬ್ರೌಸರಿನಲ್ಲಿ ತನ್ನದೇ ಯಂತ್ರದ ವಿಳಾಸ ಒತ್ತಿದರೆ ಕಾಣುವುದು ಕಚೇರಿಯ ತಾಣ. ನಡುವೆ ಹರಿದದ್ದೆಲ್ಲ ಗೂಢಲಿಪಿ. ಎರಡನೆಯದು ತಿರುಗು ಸುರಂಗ. ರೂಟರಿನ ಹಿಂದಿರುವ ಯಂತ್ರವೇ ಒಳಗಿನಿಂದ ಅಗೆಯುತ್ತ ಹೊರಟು, ಲೋಕಕ್ಕೆಲ್ಲ ವಿಳಾಸ ತಿಳಿದ ಇನ್ನೊಂದು ಯಂತ್ರವನ್ನು ಸೇರಿ ಅಲ್ಲೊಂದು ಬಾಗಿಲು ತೆರೆಸುತ್ತದೆ. ಅಲ್ಲಿಗೆ ಬಂದವರು ಸುರಂಗದಲ್ಲಿ ಇಳಿದು ಮನೆಯೊಳಗೆ ಬರುತ್ತಾರೆ. ಒಳಗಿನಿಂದ ಹೊರಟವರನ್ನು ತಡೆಯಬಾರದೆಂಬ ರೂಟರಿನ ನಿಯಮವೇ ಇದಕ್ಕೆ ಆಧಾರ.

ಎರಡನೆಯದರ ಬಳಕೆ ಹೆಚ್ಚಿದ್ದಕ್ಕೆ ಹಣದ ವ್ಯವಹಾರವೂ ಒಂದು ಕಾರಣ. ಪಾವತಿ ಸಂಸ್ಥೆಗಳು 'ಹಣ ಬಂತು' ಎಂಬ ಸುದ್ದಿಯನ್ನು ತಾವೇ ತಾಣದ ಬಾಗಿಲಿಗೆ ಬಂದು ಹೇಳಿಹೋಗುತ್ತವೆ. ಇದಕ್ಕೆ 'ವೆಬ್‌ಹುಕ್' ಎಂಬ ಹೆಸರನ್ನು 2007ರಲ್ಲಿ ಕೊಟ್ಟವನು ಜೆಫ್ ಲಿಂಡ್ಸೆ. ತಾಣವಿನ್ನೂ ಕಟ್ಟುವವನ ಲ್ಯಾಪ್‌ಟಾಪಿನಲ್ಲೇ ಇದ್ದರೆ ಸುದ್ದಿ ತಂದವನು ಎಲ್ಲಿಗೆ ಬರಬೇಕು? ಲಿಂಡ್ಸೆಯೇ 2010ರಲ್ಲಿ 'ಲೋಕಲ್‌ಟನಲ್' ಎಂಬ ಸಿದ್ಧ ಸುರಂಗ ಒದಗಿಸಿದ. 2013ರಲ್ಲಿ ಅಲನ್ ಶ್ರೀವ್ 'ಎನ್‌ಗ್ರೋಕ್' ತಂದ. ಕ್ಯಾಮರಾ, ಇರುವ ಸ್ಥಳ ಮೊದಲಾದವನ್ನು ಗೂಢಲಿಪಿಯಿಲ್ಲದ ತಾಣಗಳಿಗೆ ಬ್ರೌಸರುಗಳು ನಿರಾಕರಿಸತೊಡಗಿದ ಮೇಲಂತೂ, ಅರೆಬರೆ ತಾಣವನ್ನು ಕೈಫೋನಿನಲ್ಲಿ ಪರೀಕ್ಷಿಸಲು ಇಂಥ ಸುರಂಗ ಬೇಕೇ ಬೇಕೆಂಬಂತಾಯಿತು.

ಆದರೆ ಸುರಂಗಕ್ಕೆ ತನ್ನವರು, ಪರರು ಎಂಬ ಭೇದವಿಲ್ಲ. ಚಿತ್ರದುರ್ಗದ ಕೋಟೆಗೆ ಹೈದರಾಲಿಯ ಸೈನಿಕರು ನುಸುಳಿದ್ದು ಕೋಟೆಯವರೇ ಓಡಾಡುತ್ತಿದ್ದ ಕಿಂಡಿಯಿಂದ ಎಂಬ ಕಥೆ ಕನ್ನಡಿಗರಿಗೆ ಹೊಸತೇನಲ್ಲ. ಕಚೇರಿಯ ನೌಕರನೊಬ್ಬ ಅನುಕೂಲಕ್ಕೆಂದು ತಿರುಗು ಸುರಂಗ ಹೂಡಿ ಮರೆತು ಮನೆಗೆ ಹೋದರೆ ಅಲ್ಲಿ ಒನಕೆ ಹಿಡಿದು ನಿಲ್ಲುವವರು ಯಾರೂ ಇರುವುದಿಲ್ಲ. ಕಳ್ಳರೂ ಈ ಸಿದ್ಧ ಸುರಂಗಗಳನ್ನೇ ಬಳಸಿದ ನಿದರ್ಶನಗಳಿವೆ. ಆದ್ದರಿಂದ ಅನೇಕ ಕಂಪನಿಗಳು ಅವನ್ನು ಒಟ್ಟಾರೆ ನಿಷೇಧಿಸಿವೆ. ಇನ್ನೊಂದು ಸಡಿಲ ಕೊಂಡಿ ಮನುಷ್ಯ ಸ್ವಭಾವದ್ದು. ಹೊಸ ಯಂತ್ರವನ್ನು ಮೊದಲ ಸಲ ಸಂಧಿಸುವಾಗ ಎಸ್‌ಎಸ್‌ಎಚ್ ಅದರ 'ಬೆರಳಚ್ಚು' ತೋರಿಸಿ, ಇವನೇ ಹೌದೇ ಎಂದು ಕೇಳುತ್ತದೆ. ಆ ಉದ್ದನೆಯ ಅಕ್ಷರಮಾಲೆಯನ್ನು ಓದಿ ತಾಳೆ ನೋಡುವವರು ಅಪರೂಪ. ಹೌದು ಎಂದು ಒತ್ತಿ ಮುಂದೆ ಹೋಗುವುದೇ ರೂಢಿ.

ತಂತ್ರಾಂಶದಲ್ಲೂ ಬಿರುಕುಗಳು ಬಂದಿವೆ. ಮೊದಲ ಆವೃತ್ತಿಯ ದೌರ್ಬಲ್ಯವೊಂದು 1998ರಲ್ಲಿ ಬಯಲಾಯಿತು. ಅದಕ್ಕೆ ಹಚ್ಚಿದ ತೇಪೆಯಲ್ಲೇ ಇನ್ನೊಂದು ತೂತು 2001ರಲ್ಲಿ ಕಂಡಿತು. 2003ರ 'ಮ್ಯಾಟ್ರಿಕ್ಸ್ ರಿಲೋಡೆಡ್' ಚಿತ್ರದ ನಾಯಕಿ ವಿದ್ಯುತ್ ಕೇಂದ್ರದ ಗಣಕಕ್ಕೆ ಕನ್ನ ಹಾಕುವುದು ಇದೇ ತೂತಿನಿಂದ. ಸಿನಿಮಾದವರು ಗಣಕವನ್ನು ಸರಿಯಾಗಿ ತೋರಿಸಿದ ಅಪರೂಪದ ಪ್ರಸಂಗಗಳಲ್ಲಿ ಅದೊಂದು. 2008ರ ಮೇ ತಿಂಗಳ ಪ್ರಕರಣ ಇನ್ನೂ ಗಂಭೀರ. ಡೆಬಿಯನ್ ಲಿನಕ್ಸಿನಲ್ಲಿ ಯಾರೋ ಅನಗತ್ಯವೆಂದು ತಿಳಿದು ತೆಗೆದ ಒಂದೆರಡು ಸಾಲುಗಳಿಂದಾಗಿ, ಅಲ್ಲಿ ತಯಾರಾಗುವ ಬೀಗದ ಕೈಗಳು ಒಂದೊಂದು ಬಗೆಗೂ ಮೂವತ್ತೆರಡು ಸಾವಿರದ ಚಿಲ್ಲರೆಯಷ್ಟೇ ಆಗಿಬಿಟ್ಟಿದ್ದವು. ಕುಳಿತು ಒಂದೊಂದಾಗಿ ತಿರುಗಿಸಿ ನೋಡಬಹುದಾದಷ್ಟು. ಇಪ್ಪತ್ತು ತಿಂಗಳು ಯಾರೂ ಗಮನಿಸಿರಲಿಲ್ಲ.

2024ರ ಮಾರ್ಚಿನಲ್ಲಿ ನಡೆದದ್ದು ಅಚಾತುರ್ಯವಲ್ಲ, ಸಂಚು. ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಜೆಡ್' ಎಂಬ ಸಣ್ಣ ತಂತ್ರಾಂಶ ಹಲವು ಲಿನಕ್ಸ್ ಆವೃತ್ತಿಗಳಲ್ಲಿ ಬಳಸುದಾರಿಯಿಂದ ಎಸ್‌ಎಸ್‌ಎಚ್‌ನ ಜೊತೆ ಸೇರಿಕೊಂಡಿತ್ತು. ದಣಿದ ಒಬ್ಬ ಸ್ವಯಂಸೇವಕ ಅದನ್ನು ನೋಡಿಕೊಳ್ಳುತ್ತಿದ್ದ. ಸುಳ್ಳು ಹೆಸರಿನ ಒಬ್ಬಾತ ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ನೆರವಾಗುತ್ತ, ವಿಶ್ವಾಸ ಗಳಿಸಿ, ಕೊನೆಗೆ ಹೊಸ ಆವೃತ್ತಿ ಹೊರಡಿಸುವ ಅಧಿಕಾರವನ್ನೇ ಪಡೆದ. ಆ ಆವೃತ್ತಿಯೊಳಗೆ 22ನೆಯ ಬಾಗಿಲಿಗೆ ಕಳ್ಳಕೈಯನ್ನು ಅಡಗಿಸಿಟ್ಟ. ಅದು ಪರೀಕ್ಷಾರ್ಥ ಆವೃತ್ತಿಗಳಿಗೆ ಆಗಲೇ ತಲುಪಿತ್ತು. ಇನ್ನು ಕೆಲವು ವಾರ ಕಳೆದಿದ್ದರೆ ಜಗತ್ತಿನ ಅಸಂಖ್ಯ ಸರ್ವರುಗಳನ್ನು ಸೇರುತ್ತಿತ್ತು.

ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ ಆ ದಿನಗಳಲ್ಲಿ ಬೇರೇನೋ ಕೆಲಸದಲ್ಲಿದ್ದ. ಪೋಸ್ಟ್‌ಗ್ರೆಸ್ ದತ್ತಸಂಚಯದ ವೇಗ ಅಳೆಯುತ್ತಿದ್ದ. ತನ್ನ ಯಂತ್ರದೊಳಗೆ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಅವನ ಗಮನಕ್ಕೆ ಬಂತು. ಯಾಕಿರಬಹುದೆಂದು ಎಳೆ ಹಿಡಿದು ಹೋದ. ಮಾರ್ಚ್ 29ರಂದು ತಾನು ಕಂಡದ್ದನ್ನು ಬಹಿರಂಗವಾಗಿ ಬರೆದ; ಲಿನಕ್ಸ್ ತಂಡಗಳು ಕೂಡಲೇ ಹಳೆಯ ಆವೃತ್ತಿಗೆ ಹಿಂದಿರುಗಿದವು.